ಬೈಕಿನ ಚಕ್ರಕ್ಕೆ 30 ಸಾವಿರ: ದುಡ್ಡು ಯಾವುದಕ್ಕೆ?

ವಡೋದರದ ಮಂಜಲ್‌ಪುರದಲ್ಲಿ ನನ್ನ ಮನೆ, ಪಕ್ಕದ ಮಕರ್‌ಪುರ ಜಿಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ದೀಪಾವಳಿ ಬೋನಸ್ ಬಂತೆಂದರೆ ನಮ್ಮ ಶೆಡ್ಡಿನ ಹುಡುಗರ ಮಾತೆಲ್ಲ ಬೈಕಿನ ಸುತ್ತಲೇ. ದಾವಣಗೆರೆಯಿಂದ ಬಂದಿರುವ ಕಿರಿಯ ಸಹೋದ್ಯೋಗಿ ಕಳೆದ ಸಲ ಕೇಳಿದ: “ಸರ್, ಹಗುರದ ಅಲಾಯ್ ವೀಲ್ ಹಾಕಿಸಿದ್ರೆ ಮೈಲೇಜ್ ಜಾಸ್ತಿ ಬರುತ್ತಂತೆ, ಹೌದಾ?” ನನ್ನ ಕ್ಲಾಸಿಕ್ 350 ಬೈಕಿಗೂ ಅದನ್ನು ಹಾಕಿಸುವ ಆಸೆ ನನಗಿತ್ತು. ಅಂಗಡಿಯವರು ಟೈರು, ಕೂಲಿ ಎಲ್ಲ ಸೇರಿಸಿ 30,000 ರೂಪಾಯಿ ಹೇಳಿದ್ದರು.

ಚಕ್ರ ಹಗುರಾದರೆ ಲಾಭವಿದೆ, ಅದು ಸುಳ್ಳಲ್ಲ. ಚಕ್ರ ಮುಂದಕ್ಕೂ ಹೋಗಬೇಕು, ತಿರುಗಲೂ ಬೇಕು. ಹಾಗಾಗಿ ಅದರ ಅಂಚಿನಲ್ಲಿರುವ 1 ಕೆಜಿ ತೂಕ, ವೇಗ ಏರಿಸುವಾಗ ಸುಮಾರು 2 ಕೆಜಿಯಷ್ಟು ಭಾರ ಕೊಡುತ್ತದೆ. ಹಗುರ ಚಕ್ರ ಗುಂಡಿಯಲ್ಲಿ ಬೇಗ ಏರಿಳಿಯುವುದರಿಂದ ಶಾಕ್ ಅಬ್ಸಾರ್ಬರ್‌ಗೂ ಕೆಲಸ ಸುಲಭ. ರೇಸಿನವರು ಇದಕ್ಕೆ ಲಕ್ಷಗಟ್ಟಲೆ ಸುರಿಯುವುದು ಸುಮ್ಮನೆ ಅಲ್ಲ.

ಈಗ ನಮ್ಮ ಲೆಕ್ಕ. ಬೈಕು 195 ಕೆಜಿ. ನಾನು, ಹೆಲ್ಮೆಟ್ಟು, ಬ್ಯಾಗು ಸೇರಿ 75. ಒಟ್ಟು 270. ಎರಡೂ ಚಕ್ರದಿಂದ 3 ಕೆಜಿ ಇಳಿದರೂ ಸಿಗುವ ಪರಿಣಾಮ 6 ಕೆಜಿಯದು, ಅಂದರೆ ಶೇ 2ರ ಆಸುಪಾಸು. ಅದೂ ವೇಗ ಏರಿಸುವಾಗ ಮಾತ್ರ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಗಾಳಿಯ ತಡೆಯೇ ದೊಡ್ಡದು, ಚಕ್ರದ ತೂಕ ಲೆಕ್ಕಕ್ಕೇ ಬಾರದು. ಧಾರಾಳವಾಗಿ ಪೂರ್ತಿ ಶೇ 2 ಉಳಿಯಿತು ಎಂದುಕೊಂಡರೂ, ತಿಂಗಳಿಗೆ 2,000 ರೂಪಾಯಿ ಪೆಟ್ರೋಲು ಹಾಕಿಸುವವರಿಗೆ ವರ್ಷಕ್ಕೆ ದಕ್ಕುವುದು 480. ಅದೇ 30,000ವನ್ನು ಶೇ 6.5ರ ಎಫ್‌ಡಿಯಲ್ಲಿಟ್ಟರೆ ವರ್ಷಕ್ಕೆ 1,950 ಬಡ್ಡಿ, ಅಸಲೂ ಭದ್ರ.

ಇನ್ನೊಂದು ವಿಷಯ. ಅಲಾಯ್ ಅಂದಮಾತ್ರಕ್ಕೆ ಹಗುರ ಎಂದಲ್ಲ. ಅಚ್ಚಿನಲ್ಲಿ ಎರಕ ಹೊಯ್ದ ಕೆಲವು ಅಲಾಯ್ ಚಕ್ರಗಳು ಸ್ಪೋಕ್ ಚಕ್ರಕ್ಕಿಂತಲೂ ಭಾರ ಇರುತ್ತವೆ. ಕೊಳ್ಳುವ ಮೊದಲು ತಕ್ಕಡಿಗೆ ಹಾಕಿಸಿ ನೋಡಿ. ಅಗ್ಗದ ಮಾಲಿಗೆ ಬಲಿಯಾಗಬೇಡಿ: ಮಳೆಗಾಲದ ಗುಂಡಿಗೆ ಬಿದ್ದಾಗ ಸ್ಪೋಕ್ ರಿಮ್ ಸೊಟ್ಟಗಾದರೆ ಸರಿಮಾಡಿಸಬಹುದು, ಕಳಪೆ ಎರಕ ಸೀಳಿದರೆ ಅದು ಜೀವದ ಪ್ರಶ್ನೆ.

ಹಾಗಾದರೆ ಅಲಾಯ್ ಬೇಡವೇ? ಬೇಕು, ಆದರೆ ಕಾರಣ ಬೇರೆ. ಅದರಲ್ಲಿ ಟ್ಯೂಬ್‌ಲೆಸ್ ಟೈರು ಹಾಕಬಹುದು. ಟ್ಯೂಬಿಗೆ ಮೊಳೆ ಚುಚ್ಚಿದರೆ ಗಾಳಿ ಒಮ್ಮೆಲೇ ಇಳಿದು ಬೈಕು ಓಲಾಡಬಹುದು, ಚಕ್ರವನ್ನೇ ಬಿಚ್ಚಬೇಕು. ಟ್ಯೂಬ್‌ಲೆಸ್‌ನಲ್ಲಿ ಸಾಮಾನ್ಯವಾಗಿ ಗಾಳಿ ನಿಧಾನ ಇಳಿಯುತ್ತದೆ, ಹೊರಗಿನಿಂದಲೇ ಪಂಕ್ಚರ್ ಹಾಕಿ ಹೊರಡಬಹುದು. ರಾತ್ರಿ ಪಾಳಿ ಮುಗಿಸಿ ಒಬ್ಬರೇ ಮನೆಗೆ ಬರುವವರಿಗೆ ಈ ನೆಮ್ಮದಿಯ ಬೆಲೆ ದೊಡ್ಡದು.

ಆದ್ದರಿಂದ ನನ್ನ ಸಲಹೆ ಇಷ್ಟು. ಹೊಸ ಬೈಕು ಕೊಳ್ಳುವವರು ಕಂಪನಿಯೇ ಅಲಾಯ್ ಹಾಕಿಕೊಡುವ ಮಾದರಿಯನ್ನು ಆರಿಸಿ. ವಾರಂಟಿ, ವಿಮೆ ಎರಡಕ್ಕೂ ತಕರಾರಿಲ್ಲ. ಹಳೆಯ ಬೈಕಿಗೆ ಹಾಕಿಸುವವರು ನಿಮ್ಮ ಮಾದರಿಗೆಂದೇ ಕಂಪನಿ ಮಾರುವ ಚಕ್ರ ಹಾಕಿಸಿ, ಬಿಲ್ಲು ಇಟ್ಟುಕೊಳ್ಳಿ, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ. ನಾನು ಸ್ಪೋಕ್ ಚಕ್ರವನ್ನೇ ಉಳಿಸಿಕೊಂಡು ಒಳ್ಳೆಯ ಟೈರು ಹಾಕಿಸಿದೆ, ವಾರಕ್ಕೊಮ್ಮೆ ಗಾಳಿ ನೋಡಿಸುತ್ತೇನೆ. ಗಾಳಿ ಕಡಿಮೆಯಿರುವ ಟೈರು ಪೆಟ್ರೋಲನ್ನೂ ತಿನ್ನುತ್ತದೆ, ಬೇಗ ಸವೆಯುತ್ತದೆ. ಮೈಲೇಜು ಬೇಕಾದವರು ಅಲ್ಲಿಂದ ಶುರುಮಾಡಿ, ಅದಕ್ಕೆ ಹೆಚ್ಚೆಂದರೆ ಐದು ನಿಮಿಷ ಸಾಕು.