ಕರ್ನೆಲಿನಿಂದ ಪ್ರೋಗ್ರಾಮಿಗೆ ಮಾಹಿತಿಯು ದಾಟುವ ಕ್ರಮ

ನಮ್ಮ ಶಾಲೆಯಿಂದ ಹೋದ ಬಾಲಿಕೆಯರಲ್ಲಿ ಹಲವರು ಈಗ ಗಣಕಯಂತ್ರದ ವೃತ್ತಿಯಲ್ಲಿದ್ದಾರೆ. ಅವರ ವಿದ್ಯೆಯ ಒಂದು ಸೂಕ್ಷ್ಮಾಂಶವನ್ನು ತಾಯಿತಂದೆಗಳೂ ಅರಿತಿರಲೆಂದು ಈ ಪಾಠವನ್ನು ಬರೆಯುತ್ತೇವೆ.

ಗಣಕಯಂತ್ರದ ಮೆಮೊರಿಯಲ್ಲಿ ಎರಡು ಪಾಲುಗಳುಂಟು. ಒಂದು ಕರ್ನೆಲಿನದು, ಇನ್ನೊಂದು ಸಾಮಾನ್ಯ ಪ್ರೋಗ್ರಾಮುಗಳದು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸರು ಹೊರಡಿಸಿದ ಲಿನಕ್ಸ್ ಅಂಥದೊಂದು ಕರ್ನೆಲು. ಕರ್ನೆಲಿನ ಪಾಲನ್ನು ಪ್ರೋಗ್ರಾಮು ಮುಟ್ಟಕೂಡದು. ಬೋರ್ಡಿಂಗಿನ ಉಗ್ರಾಣದೊಳಗೆ ಬಾಲಿಕೆಯರು ಹೋಗಕೂಡದೆಂಬ ನಿಯಮದ ಹಾಗೆಯೇ. ಕಡತವೊಂದನ್ನು ಓದಬೇಕಾದರೆ ಪ್ರೋಗ್ರಾಮು ತನ್ನದೊಂದು ವಿಳಾಸವನ್ನೂ ಬೇಕಾದ ಬೈಟುಗಳ ಸಂಖ್ಯೆಯನ್ನೂ ಕೊಟ್ಟು ಬೇಡಿಕೊಳ್ಳುವದು. ಕರ್ನೆಲು ಆ ವಿಳಾಸದಲ್ಲಿ ಮಾಹಿತಿಯನ್ನು ಬರೆಯುವದು.

ಸರ್ವಾಧಿಕಾರವುಳ್ಳ ಕರ್ನೆಲು ನೆಟ್ಟಗೆ ಬರೆದುಬಿಟ್ಟರೆ ಏನು ಬಾಧಕ ಎಂದು ಕೇಳಬಹುದು. ವಿಳಾಸವನ್ನು ಕೊಟ್ಟದ್ದು ಪ್ರೋಗ್ರಾಮು, ಅದು ಸುಳ್ಳಾಗಿರಬಹುದು. ಕರ್ನೆಲಿನ ಸ್ವಂತ ಸ್ಥಳವನ್ನೇ ಅದು ತೋರಿಸಿದರೆ, ತನ್ನ ಕೈಯಿಂದಾಗದ್ದನ್ನು ಕರ್ನೆಲಿನ ಕೈಯಿಂದಲೇ ಮಾಡಿಸಿಕೊಂಡಂತಾಗುವದು. ಆದದರಿಂದ ಲಿನಕ್ಸಿನಲ್ಲಿ 'ಕಾಪಿ ಟು ಯೂಸರ್' ಎಂಬ ಕ್ರಮವನ್ನಿಟ್ಟಿದ್ದಾರೆ. ಅದು ಮೊದಲು ವಿಳಾಸವು ಪ್ರೋಗ್ರಾಮಿನ ಎಲ್ಲೆಯೊಳಗಿದೆಯೋ ಎಂದು ಪರೀಕ್ಷಿಸಿ, ಆ ಮೇಲೆ ಬರೆಯುವದು. ಬರೆಯುವಾಗ ಆ ಪುಟವು ಮೆಮೊರಿಯಲ್ಲಿ ಇಲ್ಲದಿದ್ದರೆ ಅದನ್ನು ತರಿಸಿ ಕೆಲಸವನ್ನು ಮುಂದುವರಿಸುವದು. ಅಂಥ ಸ್ಥಳವೇ ಇಲ್ಲದಿದ್ದರೆ ಯಂತ್ರವು ಕುಸಿಯದೆ, ಬರೆಯದೆ ಉಳಿದ ಬೈಟುಗಳ ಸಂಖ್ಯೆಯನ್ನು ತಿಳಿಸುವದು. ಸೊನ್ನೆ ಬಂದರೆ ಎಲ್ಲವೂ ದಾಟಿತೆಂದರ್ಥ. ಇದು ಬರೆದ ಬೈಟುಗಳ ಲೆಕ್ಕವಲ್ಲ. ಹೊಸಬರು ಇಲ್ಲಿಯೇ ಎಡವುವರು. ಏನಾದರೂ ಉಳಿದಿದ್ದರೆ ಸಾಮಾನ್ಯವಾಗಿ 'ಈಫಾಲ್ಟ್' ಎಂಬ ದೋಷಸಂಕೇತವನ್ನು ಪ್ರೋಗ್ರಾಮಿಗೆ ಹಿಂದಿರುಗಿಸತಕ್ಕದ್ದು.

ಪರೀಕ್ಷೆಯನ್ನು ಬಿಟ್ಟರೆ ಏನಾಗುವದೆಂಬದಕ್ಕೆ 2017ರ ದೃಷ್ಟಾಂತವಿದೆ. ಮಗು ಪ್ರೋಗ್ರಾಮಿನ ಅಂತ್ಯವನ್ನು ತಾಯಿ ಪ್ರೋಗ್ರಾಮಿಗೆ ತಿಳಿಸುವ 'ವೇಟ್‌ಐಡಿ' ಎಂಬ ಕರೆಯನ್ನು ಆ ವರುಷ ತಿದ್ದಿ ಬರೆಯುವಾಗ ವಿಳಾಸದ ಪರೀಕ್ಷೆಯು ತಪ್ಪಿಹೋಯಿತು. 4.13ನೆಯ ಆವೃತ್ತಿಯು ಹಾಗೆಯೇ ಹೊರಟಿತು. ಸಾಮಾನ್ಯ ಬಳಕೆದಾರನು ಕರ್ನೆಲಿನ ಮೆಮೊರಿಯಲ್ಲಿ ಬರೆಯಿಸಿ, ಯಂತ್ರದ ಪೂರ್ಣಾಧಿಕಾರವನ್ನೇ ಪಡೆಯಲು ಮಾರ್ಗವಾಯಿತು. ಅಕ್ಟೋಬರಿನಲ್ಲಿ ಅದನ್ನು ಸರಿಪಡಿಸಿದರು. ಒಂದೇ ಸಾಲಿನ ಪರೀಕ್ಷೆಗೆ ಅಷ್ಟು ಬೆಲೆಯುಂಟು!

ವಿಳಾಸವು ಸರಿಯಾಗಿದ್ದರೂ ಇನ್ನೊಂದು ಅಪಾಯವುಂಟು. ಇದು ನಮಗೆ ಹೆಚ್ಚು ಸ್ವಾರಸ್ಯವಾಗಿ ತೋರುತ್ತದೆ. ಒಂದು ಬೈಟಿನ ಅಕ್ಷರವನ್ನೂ ನಾಲ್ಕು ಬೈಟಿನ ಅಂಕೆಯನ್ನೂ ಒಂದು ಕಟ್ಟಿನಲ್ಲಿಟ್ಟರೆ ಐದು ಬೈಟುಗಳಾಗಬೇಕಷ್ಟೆ. ಆದರೆ ಅಂಕೆಯು ನಾಲ್ಕರ ಗಡಿಯಲ್ಲಿ ಕೂರಬೇಕಾದದ್ದರಿಂದ ನಡುವೆ ಮೂರು ಬೈಟುಗಳು ಬರಿದಾಗಿ ಉಳಿದು, ಕಟ್ಟು ಎಂಟು ಬೈಟುಗಳಾಗುವದು. ಆ ಮೂರು ಬೈಟುಗಳು ನಿಜವಾಗಿ ಬರಿದಲ್ಲ. ಒರಸದ ಸ್ಲೇಟಿನಲ್ಲಿ ಹಿಂದಿನ ಲೆಕ್ಕದ ಗುರುತು ಇರುವಂತೆ, ಅಲ್ಲಿ ಮುಂಚೆ ಇದ್ದ ಗುಪ್ತ ವಿಷಯದ ಚೂರುಗಳು ಉಳಿದಿರಬಹುದು. ಕಟ್ಟನ್ನು ಹಾಗೆಯೇ ದಾಟಿಸಿದರೆ ಗುಟ್ಟೂ ದಾಟುವದು. ಯಾವ ದೋಷವೂ ಕಾಣಿಸದು. ಆದದರಿಂದ ಮೊದಲು ಕಟ್ಟನ್ನೆಲ್ಲ ಸೊನ್ನೆಯಿಂದ ತುಂಬಿಸಿ, ಆ ಮೇಲೆ ಬೇಕಾದದ್ದನ್ನು ಬರೆಯತಕ್ಕದ್ದು.

ಈ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಮತ್ತೊಂದು ಮಾತು. ಪುಟವನ್ನು ತರಿಸುವಾಗ 'ಕಾಪಿ ಟು ಯೂಸರ್' ನಿದ್ರಿಸಬೇಕಾಗಬಹುದು. ಸ್ಪಿನ್‌ಲಾಕ್ ಎಂಬ ಬೀಗವನ್ನು ಹಿಡಿದವರು ನಿದ್ರಿಸಕೂಡದು. ಹೀಗಿರಲು ಬೇಕಾದದ್ದನ್ನು ಬೀಗದೊಳಗೆ ಬೇರೆ ಸ್ಥಳಕ್ಕೆ ನಕಲು ಮಾಡಿಕೊಂಡು, ಬೀಗವನ್ನು ಬಿಟ್ಟ ಮೇಲೆಯೇ ಪ್ರೋಗ್ರಾಮಿಗೆ ದಾಟಿಸತಕ್ಕದ್ದು.