ಐದನೇ ತಂತಿ ಬೇಕೇ ಬೇಕಾ?

ಪ್ರಶ್ನೆ: ನನಗೆ 29 ವರ್ಷ. ಹಗಲು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ, ರಾತ್ರಿ ನಮ್ಮೂರಿನ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ ಕೈತುಂಬ ಕಾರ್ಯಕ್ರಮ, ಆಮೇಲೆ ಮದುವೆ ಆರತಕ್ಷತೆಗಳು. ನನ್ನದು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ನಾಲ್ಕು ತಂತಿಯ ಬೇಸ್. ಒಂದು ಪಿ ಪಿಕಪ್, ಒಂದು ಜೆ ಪಿಕಪ್, ಬ್ಯಾಟರಿ ಇಲ್ಲದ್ದು. ವೇದಿಕೆಯಲ್ಲಿ ಸದಾ ‘ಗುಂಯ್’ ಅನ್ನುತ್ತಿರುತ್ತದೆ. ಮನೆಯಲ್ಲಿ ಚೆನ್ನಾಗಿ ಕೇಳುವ ನಾದ ಪೆಂಡಾಲಿನಲ್ಲಿ ಎಲ್ಲಿ ಹೋಗುತ್ತದೋ ಗೊತ್ತಾಗುವುದಿಲ್ಲ. ‘ಐದು ತಂತಿಯ ಆ್ಯಕ್ಟಿವ್ ಬೇಸ್ ತಗೊಳ್ಳೋ, ಇಲ್ಲಾಂದ್ರೆ ಕೀಬೋರ್ಡಲ್ಲೇ ಬೇಸ್ ಹಾಕಿಸ್ತೀನಿ’ ಅಂತ ತಂಡದ ಮುಖ್ಯಸ್ಥರು ಹೇಳಿದ್ದಾರೆ. ಪಿಕಪ್ ಬದಲಿಸಿ ಪ್ರೀಆ್ಯಂಪ್ ಕೂರಿಸಿದರೆ ಸಾಕು ಅನ್ನುತ್ತಾರೆ ಅಂಗಡಿಯವರು. ಫ್ರೆಟ್ ಕಿತ್ತು ಫ್ರೆಟ್‌ಲೆಸ್ ಮಾಡಿಕೋ ಅನ್ನುತ್ತಾನೆ ಗೆಳೆಯ. ಕೂಡಿಟ್ಟ 40,000 ರೂಪಾಯಿ ಇದೆ. ಹೆಂಡತಿಗೆ ಈಗ ಏಳು ತಿಂಗಳು. ಹಣ ಮುಟ್ಟಲು ಮನಸ್ಸು ಬರುತ್ತಿಲ್ಲ. ಮುಟ್ಟದಿದ್ದರೆ ತಂಡದಲ್ಲಿ ಜಾಗ ಉಳಿಯುತ್ತದೋ ಇಲ್ಲವೋ. ಏನು ಮಾಡಲಿ?

ಉತ್ತರ: ಆ 40,000 ಬ್ಯಾಂಕಿನಲ್ಲೇ ಇರಲಿ. ಬೇಸನ್ನೂ ಮಾರಬೇಡಿ. ಗುಂಯ್‌ಗುಡುವುದು, ನಾದ ಕೇಳಿಸದಿರುವುದು, ಕೆಲಸ ಹೋಗುವ ಭಯ, ಈ ಮೂರಕ್ಕೂ ಒಂದೇ ಮದ್ದು ಇದೆ ಅಂತ ನಿಮ್ಮ ಸುತ್ತಲಿನವರು ನಂಬಿಸಿದ್ದಾರೆ. ಮೂರರ ಬೇರು ಬೇರೆ ಬೇರೆ. ತಂತಿಯಿಂದ ಹೊರಟ ನಾದ ಪೆಂಡಾಲಿನ ಕೊನೆಯ ಸಾಲಿನ ಕುರ್ಚಿ ತಲುಪುವ ದಾರಿಯಲ್ಲಿ ಎಲ್ಲಿ ಕೆಡುತ್ತಿದೆ ಅನ್ನುವುದನ್ನು ಕಂಡುಹಿಡಿಯದೆ ಹೊಸ ಬೇಸ್ ಕೊಂಡರೆ, ಅದೇ ದಾರಿಯಲ್ಲಿ ಅದೂ ಕೆಡುತ್ತದೆ.

ಬೇಸಿಗಿಂತ ಮೊದಲು ನಿಮ್ಮ ಜೀವದ ಮಾತು ಆಡಬೇಕು. ಪೆಂಡಾಲಿನ ಕರೆಂಟ್ ಎಲ್ಲಿಂದ ಬರುತ್ತದೆ ಅಂತ ನೋಡಿದ್ದೀರಾ? ಎಷ್ಟೋ ಕಡೆ ಜನರೇಟರಿಗೆ ಅರ್ತಿಂಗ್ ಇರುವುದಿಲ್ಲ. ಪ್ಲಗ್ಗಿನ ದಪ್ಪ ಪಿನ್ ಮುರಿದಿರುತ್ತದೆ, ಇಲ್ಲವೇ ಎರಡು ಬರಿಯ ವೈರನ್ನು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸಿರುತ್ತಾರೆ. ಬೇಸಿನ ತಂತಿಗಳು ಬ್ರಿಜ್ಜಿನಿಂದ ಕೇಬಲ್ಲಿನ ಮೂಲಕ ಆ್ಯಂಪಿನ ಲೋಹದ ಮೈಗೆ ಸೇರಿರುತ್ತವೆ. ಆ ಮೈಗೆ ಕರೆಂಟ್ ಹರಿದು, ಅರ್ತಿಂಗೂ ಇಲ್ಲದಿದ್ದರೆ, ನಿಮ್ಮ ಬೆರಳು ತಂತಿಯ ಮೇಲಿರುವಾಗ ತುಟಿ ಕೋರಸ್ ಮೈಕಿಗೆ ತಾಗಿದರೆ ಸಾಕು. ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವಿ 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೆಯೇ ಸತ್ತದ್ದು ಹೀಗೆ, ಗಿಟಾರ್ ಹಿಡಿದು ಮೈಕ್ ಮುಟ್ಟಿ. ಒಂದು ಟೆಸ್ಟರ್ ಸ್ಕ್ರೂಡ್ರೈವರ್ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಪ್ರತಿ ಕಾರ್ಯಕ್ರಮಕ್ಕೂ ಮೊದಲು ಆ್ಯಂಪಿನ ಮೈಗೆ, ಮೈಕಿನ ಜಾಲರಿಗೆ ತಾಗಿಸಿ. ದೀಪ ಹೊತ್ತಿದರೆ ನುಡಿಸಬೇಡಿ, ಸೌಂಡಿನವರನ್ನು ಕರೆಯಿರಿ, ಅರ್ತಿಂಗ್ ಸರಿಯಾಗುವವರೆಗೆ ಕೆಳಗೆ ಕುಳಿತಿರಿ. ದೀಪ ಹೊತ್ತದಿದ್ದರೂ ಅರ್ತಿಂಗ್ ಇದೆಯಾ ಅಂತ ಬಾಯಿಬಿಟ್ಟು ಕೇಳಿ. ಮುಖ್ಯಸ್ಥರಿಗೆ ಕೋಪ ಬಂದರೆ ಬರಲಿ. ಗುಂಯ್ ಸದ್ದು ನಿಲ್ಲಿಸಲು ಅರ್ತ್ ಪಿನ್ ಮುರಿಯುವ ಉಪಾಯವನ್ನು ಯಾರಾದರೂ ಹೇಳಿದರೆ ಒಪ್ಪಲೇಬೇಡಿ.

ಈಗ ಸದ್ದಿನ ವಿಷಯ. ನಿಮ್ಮ ಬೇಸಿನಲ್ಲೇ ಅರ್ಧ ಉತ್ತರ ಇದೆ. ಫೆಂಡರ್ ಕಂಪನಿ 1957ರಲ್ಲಿ ಪ್ರಿಸಿಷನ್ ಬೇಸಿಗೆ ಎರಡು ತುಂಡಿನ ಪಿಕಪ್ ಹಾಕಿತು. ನಿಮ್ಮ ಪಿ ಪಿಕಪ್ ಅದೇ ವಂಶದ್ದು. ಎರಡು ತುಂಡುಗಳ ಸುರುಳಿ ಒಂದಕ್ಕೊಂದು ವಿರುದ್ಧವಾಗಿರುವುದರಿಂದ ಕರೆಂಟಿನ 50 ಹರ್ಟ್ಸ್ ಗುಂಯ್ ಸದ್ದು ಅಲ್ಲಲ್ಲೇ ರದ್ದಾಗುತ್ತದೆ. ಜೆ ಪಿಕಪ್ ಒಂಟಿ ಸುರುಳಿಯದ್ದು. ಅದಕ್ಕೆ ಆ ಅನುಕೂಲ ಇಲ್ಲ. ಮುಂದಿನ ಕಾರ್ಯಕ್ರಮದಲ್ಲಿ ಜೆ ಪಿಕಪ್ಪಿನ ವಾಲ್ಯೂಮ್ ಪೂರ್ತಿ ಮುಚ್ಚಿ, ಪಿ ಒಂದರಲ್ಲೇ ನುಡಿಸಿ. ಸದ್ದು ಹೋಯಿತೇ? ಹಾಗಾದರೆ ಕಾಸಿಲ್ಲದೆ ಕೆಲಸ ಆಯಿತು. ಎರಡೂ ವಾಲ್ಯೂಮ್ ಮುಚ್ಚಿದರೂ ಗುಂಯ್ ಅನ್ನುತ್ತಿದ್ದರೆ ಪಿಕಪ್ಪಿನ ತಪ್ಪಲ್ಲ, ಕೇಬಲ್ಲು, ಜಾಕು, ಆ್ಯಂಪು ಅಥವಾ ವೇದಿಕೆಯ ವೈರಿಂಗನ್ನು ನೋಡಬೇಕು. ತಂತಿ ಮುಟ್ಟಿದಾಗ ಸದ್ದು ಕಡಿಮೆಯಾಗಿ, ಕೈ ಬಿಟ್ಟಾಗ ಹೆಚ್ಚಾದರೆ ಬೇಸಿನ ಒಳಗೆ ಶೀಲ್ಡಿಂಗ್ ಸಾಲದು ಎಂದರ್ಥ.

ಶೀಲ್ಡಿಂಗ್ ನೀವೇ ಮಾಡಬಹುದು. ಅಂಟು ಇರುವ ತಾಮ್ರದ ಟೇಪನ್ನು ವೈರಿಂಗ್ ಗುಂಡಿಯ ಒಳಗೋಡೆಗೆಲ್ಲ ಹಚ್ಚಿ, ತುಂಡುಗಳನ್ನು ಒಂದಕ್ಕೊಂದು ಬೆಸುಗೆ ಹಾಕಿ, ಗ್ರೌಂಡ್ ವೈರಿಗೆ ಜೋಡಿಸಬೇಕು. ಜಾಕಿನ ಸಿಗ್ನಲ್ ತುದಿ ಟೇಪಿಗೆ ತಾಗದಂತೆ ನೋಡಿಕೊಳ್ಳಿ. ತಾಗಿದರೆ ಬೇಸ್ ಮೂಕ. ಎಲ್‌ಇಡಿ ಲೈಟು, ಡಿಮ್ಮರ್‌ಗಳಿಂದ ಬರುವ ‘ಜಿರ್ರ್’ ಅನ್ನುವ ಸದ್ದು ಇದರಿಂದ ತಗ್ಗುತ್ತದೆ. ಟ್ರಾನ್ಸ್‌ಫಾರ್ಮರ್ ಪಕ್ಕ ನಿಂತಾಗ ಜೆ ಪಿಕಪ್ಪಿಗೆ ಹತ್ತುವ ‘ಗುಂಯ್’ ಮಾತ್ರ ತಾಮ್ರಕ್ಕೆ ಜಗ್ಗುವುದಿಲ್ಲ. ಪಿಕಪ್ ಬದಲಿಸಲೇಬೇಕು ಅನ್ನಿಸಿದರೆ ಆ ಜೆ ಒಂದನ್ನು ಮಾತ್ರ, ಅದೇ ಅಳತೆಯ, ಗುಂಯ್ ರದ್ದು ಮಾಡುವ ಎರಡು ಸುರುಳಿಯ ಪಿಕಪ್ಪಿಗೆ ಬದಲಿಸಿ. ಮೈ ಕೊರೆಯುವ ಕೆಲಸ ಇರಬಾರದು. ಕೊರೆದ ಮರ ಮತ್ತೆ ಕೂಡುವುದಿಲ್ಲ, ಮಾರುವಾಗ ಬೆಲೆಯೂ ಬೀಳುತ್ತದೆ.

ಹಳೆಯ ಬೇಸಿನಲ್ಲಿ ಖಂಡಿತ ಬದಲಿಸಬೇಕಾದದ್ದು ಜಾಕು. ನಟ್ ಸಡಿಲಾಗಿ ಜಾಕು ತಿರುಗಿದಂತೆಲ್ಲ ಒಳಗಿನ ವೈರು ತಿರುಚಿಕೊಂಡು ಒಂದು ದಿನ, ಅದೂ ಪಲ್ಲವಿಯ ನಡುವೆ, ಕಡಿದುಹೋಗುತ್ತದೆ. ಕರಕರ ಅನ್ನುವ ವಾಲ್ಯೂಮ್ ಗುಬುಟಿಗೆ ಮೊದಲು ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ನೋಡಿ. ಹೋಗದಿದ್ದರೆ 250ಕೆ ಪಾಟ್ ಹಾಕಿಸಿ. ಇದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ. ನಿಮ್ಮೂರಿನ ಟಿವಿ ರಿಪೇರಿಯವರಿಗೆ ವೈರಿಂಗಿನ ಚಿತ್ರ ತೋರಿಸಿದರೆ ಬೆಸುಗೆ ಹಾಕಿಕೊಡುತ್ತಾರೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಇನ್ನು ಪೆಂಡಾಲಿನಲ್ಲಿ ಕಳೆದುಹೋಗುವ ನಾದ. ಸೌಂಡಿನವರು ನಿಮ್ಮ ಕೇಬಲ್ಲಿಗೆ ಇನ್ನೊಂದು ಉದ್ದನೆಯ ವೈರು ಸೇರಿಸಿ ನೇರ ಮಿಕ್ಸರಿಗೆ ಸಿಕ್ಕಿಸುತ್ತಿದ್ದಾರೆ ಅಂತ ನನ್ನ ಊಹೆ. ಬ್ಯಾಟರಿ ಇಲ್ಲದ ಬೇಸಿನ ಸಿಗ್ನಲ್ ಅಷ್ಟು ದೂರ ನಡೆಯಲಾರದು. ವೈರು ಉದ್ದವಾದಷ್ಟೂ ಅದರ ಮೇಲಿನ ಸ್ವರಾಂಶಗಳು ಸೋರಿಹೋಗುತ್ತವೆ, ಮಿಕ್ಸರಿನ ಇನ್‌ಪುಟ್ ಅದನ್ನು ಇನ್ನಷ್ಟು ಸೊರಗಿಸುತ್ತದೆ. ಕಿವಿಗೆ ಉಳಿಯುವುದು ಮಬ್ಬು ಗುಡುಗು ಮಾತ್ರ. ಇದಕ್ಕೆ ಇರುವ ಸಾಧನ ಡಿಐ ಬಾಕ್ಸ್. ನಿಮ್ಮ ಕಾಲ ಬಳಿಯೇ ಸಿಗ್ನಲ್ ತೆಗೆದುಕೊಂಡು, ಮೈಕ್ ಕೇಬಲ್ಲಿನಲ್ಲಿ ಮಿಕ್ಸರಿನವರೆಗೂ ಕೆಡದಂತೆ ಕಳಿಸುತ್ತದೆ. ಅದರ ಮೇಲಿರುವ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿದರೆ ಆ್ಯಂಪು ಮತ್ತು ಮಿಕ್ಸರ್ ನಡುವಿನ ಗುಂಯ್ ಹೋಗುತ್ತದೆ, ಕರೆಂಟಿನ ಅರ್ತಿಂಗಿಗೆ ತೊಂದರೆ ಇಲ್ಲ. ಬೇಸ್, ಟ್ರೆಬಲ್ ಗುಬುಟಿಗಳೂ ಇರುವ ಪೆಡಲ್ ರೂಪದ ಡಿಐ ಸಿಕ್ಕರೆ ಅದನ್ನೇ ಕೊಳ್ಳಿ. ಟೆಕ್ 21 ಕಂಪನಿಯ ಸ್ಯಾನ್ಸ್‌ಆ್ಯಂಪ್ ಬೇಸ್ ಡ್ರೈವರ್ ಈ ಜಾತಿಯಲ್ಲಿ ಹೆಸರಾಂತದ್ದು, ಬೆಲೆ ಜಾಸ್ತಿ. ಬೆಹ್ರಿಂಗರ್ ಬಿಡಿಐ21 ಅದೇ ದಾರಿಯ ಅಗ್ಗದ ಪೆಡಲ್. ಮೈ ಪ್ಲಾಸ್ಟಿಕ್ಕಿನದು, ಜೋಪಾನವಾಗಿ ಇಟ್ಟುಕೊಂಡರೆ ನಿಮ್ಮ ಕೆಲಸಕ್ಕೆ ಸಾಕು.

ಆ್ಯಕ್ಟಿವ್ ಬೇಸಿನಿಂದ ಸಿಗುವ ಲಾಭವೂ ಮುಖ್ಯವಾಗಿ ಇದೇ: ಗಟ್ಟಿ ಸಿಗ್ನಲ್, ಕೈಗೆಟಕುವ ಟೋನ್. ಅದು ಮರದ ಒಳಗೆ ಇರುವ ಬದಲು ಕಾಲ ಬಳಿ ಇದ್ದರೆ ಮುಂದೆ ಬೇಸ್ ಬದಲಿಸಿದರೂ ನಿಮ್ಮ ಜೊತೆಗೇ ಬರುತ್ತದೆ. ಮೇಲಾಗಿ ಆ್ಯಕ್ಟಿವ್ ಬೇಸಿಗೆ ಕೇಬಲ್ ಸಿಕ್ಕಿಸಿದಷ್ಟು ಹೊತ್ತೂ ಅದರ 9 ವೋಲ್ಟ್ ಬ್ಯಾಟರಿ ಖರ್ಚಾಗುತ್ತಿರುತ್ತದೆ. ರಾತ್ರಿ ಹನ್ನೊಂದಕ್ಕೆ ಅದು ಮುಗಿದರೆ ಹಳ್ಳಿಯಲ್ಲಿ ಯಾವ ಅಂಗಡಿ ತೆರೆದಿರುತ್ತದೆ? ಅಂಗಡಿಯವರ ಪ್ರೀಆ್ಯಂಪ್ ಸದ್ಯಕ್ಕೆ ಬೇಡ.

ಸಾಧನ ಸರಿಹೋದರೂ ಟೋನ್ ತಪ್ಪಿದರೆ ಕೇಳಿಸುವುದಿಲ್ಲ. ನಿಮ್ಮ ಬಿಡಿ ಇ ತಂತಿಯ ಮೂಲಸ್ವರ 41 ಹರ್ಟ್ಸ್. ಅಷ್ಟು ಕೆಳಗಿನದನ್ನು ಸಣ್ಣ ಸ್ಪೀಕರುಗಳು ನುಡಿಯುವುದೇ ಇಲ್ಲ. ಅದರ ಮೇಲಿನ 82, 123 ಹರ್ಟ್ಸ್‌ಗಳನ್ನು ಕೇಳಿ ನಮ್ಮ ಕಿವಿಯೇ ಮೂಲಸ್ವರವನ್ನು ಊಹಿಸಿಕೊಳ್ಳುತ್ತದೆ. ಹಾಗಾಗಿ ಮನೆಯಲ್ಲಿ ಇಷ್ಟವಾಗುವ, ಬೇಸ್ ಗುಬುಟಿ ಪೂರ್ತಿ ತಿರುಗಿಸಿದ ದಪ್ಪ ನಾದ ಪೆಂಡಾಲಿನಲ್ಲಿ ಕೆಸರಾಗುತ್ತದೆ. 250 ಹರ್ಟ್ಸ್ ಆಸುಪಾಸು ಸ್ವಲ್ಪ ಇಳಿಸಿ, 700–800ರ ಹತ್ತಿರ ಸ್ವಲ್ಪ ಏರಿಸಲು ಸೌಂಡಿನವರಿಗೆ ಹೇಳಿ. ಒಂಟಿಯಾಗಿ ಕೇಳಿದರೆ ಒರಟು ಅನ್ನಿಸುತ್ತದೆ, ತಂಡದ ನಡುವೆ ಸ್ಪಷ್ಟವಾಗುತ್ತದೆ. ಇನ್ನೊಂದು: ಢೋಲಕ್ಕಿನ ಎಡಮಗ್ಗುಲು, ತಬಲಾದ ಡಗ್ಗಾ, ರಿದಮ್ ಪ್ಯಾಡಿನ ಕಿಕ್ಕು, ಕೀಬೋರ್ಡಿನ ಎಡಗೈ, ಎಲ್ಲವೂ ನಿಮ್ಮ ಜಾಗದಲ್ಲೇ ಕೂತಿವೆ. ಕೀಬೋರ್ಡಿನವರಿಗೆ ‘ಅಣ್ಣಾ, ಚರಣದಲ್ಲಿ ಎಡಗೈ ಸ್ವಲ್ಪ ಬಿಡಿ’ ಅಂತ ಪ್ರೀತಿಯಿಂದ ಕೇಳಿ. ಯಾವ ಪಿಕಪ್ಪೂ ಕೊಡದಷ್ಟು ಜಾಗ ಆ ಒಂದು ಮಾತಿನಿಂದ ಸಿಗುತ್ತದೆ.

ತಂತಿ ಹಾಕಿಸಿ ಎಷ್ಟು ಕಾಲವಾಯಿತು ಅಂತ ನೀವು ಬರೆದಿಲ್ಲ. ಸತ್ತ ತಂತಿ ಶ್ರುತಿಯಲ್ಲೂ ನಿಲ್ಲುವುದಿಲ್ಲ. ಮಲೆನಾಡಿನ ಮಳೆಯಲ್ಲಿ ನುಡಿಸಿ ಮರುವಾರ ಬಳ್ಳಾರಿಯ ಒಣಹವೆಗೆ ಹೋದರೆ ಬೇಸಿನ ಕುತ್ತಿಗೆ ಬಾಗುತ್ತದೆ. ಮೊದಲ ಫ್ರೆಟ್ಟನ್ನೂ ಕುತ್ತಿಗೆ ಮೈಗೆ ಸೇರುವಲ್ಲಿನ ಫ್ರೆಟ್ಟನ್ನೂ ಒಟ್ಟಿಗೆ ಒತ್ತಿ ಹಿಡಿದು ಏಳನೆಯದರ ಮೇಲೆ ನೋಡಿ. ತಂತಿಯ ಕೆಳಗೆ ಒಂದು ವಿಸಿಟಿಂಗ್ ಕಾರ್ಡ್ ಸಲೀಸಾಗಿ ನುಸುಳುವಷ್ಟು, ಅಂದರೆ ಸುಮಾರು 0.3 ಮಿಲಿಮೀಟರ್ ಸಂದು ಇರಬೇಕು. ಹೆಚ್ಚು ಕಡಿಮೆ ಇದ್ದರೆ ಟ್ರಸ್ ರಾಡನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಧೈರ್ಯ ಸಾಲದಿದ್ದರೆ ಬಲ್ಲವರ ಕೈಲಿ ಸೆಟಪ್ ಮಾಡಿಸಿ. ಆಮೇಲೆ ಅದೇ ಬೇಸ್ ನಿಮಗೆ ಹೊಸದೆನ್ನಿಸಿದರೆ ನನಗೆ ಆಶ್ಚರ್ಯವಿಲ್ಲ.

ಐದನೇ ತಂತಿಯ ಬಗ್ಗೆ ಮುಖ್ಯಸ್ಥರು ಹೇಳುವುದರಲ್ಲಿ ಹುರುಳಿಲ್ಲ ಅನ್ನಲಾರೆ. ಹೊಸ ಸಿನಿಮಾ ಹಾಡುಗಳಲ್ಲಿ ಸಿಂಥ್ ಬೇಸ್ ಇ ಸ್ವರಕ್ಕಿಂತ ಕೆಳಗೆ ಇಳಿಯುತ್ತದೆ. ಗಾಯಕರ ಶ್ರುತಿಗೆ ತಕ್ಕಂತೆ ಕೀಬೋರ್ಡಿನವರು ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ಸುಮ್ಮನಾಗುತ್ತಾರೆ, ನೀವು ಬೆರಳಲ್ಲೇ ಎಲ್ಲ ಸರಿಸಬೇಕು. ಆಗ ಡಿ ಅಥವಾ ಇ ಫ್ಲಾಟ್ ಬೇಕಾಗುತ್ತದೆ. ಅಷ್ಟಕ್ಕೆ ಇ ತಂತಿಯನ್ನು ಡಿಗೆ ಇಳಿಸಿಕೊಂಡರೆ ನಡೆಯುತ್ತದೆ. ಹಾಡಿನ ನಡುವೆಯೇ ಇಳಿಸಲು ಹಿಪ್‌ಶಾಟ್ ಕಂಪನಿಯ ಸನ್ನೆಯಿರುವ ಬಿರಡೆ ಇದೆ. ಐದನೇ ಬಿ ತಂತಿಯ ಮೂಲಸ್ವರ 31 ಹರ್ಟ್ಸ್. ದೊಡ್ಡ ಬೇಸ್ ಬಾಕ್ಸುಗಳಿಲ್ಲದ ಆರತಕ್ಷತೆಯಲ್ಲಿ ಅದರ ತಳ ಕೇಳಿಸುವುದೇ ಇಲ್ಲ. ಯಾರಿಂದಲಾದರೂ ಒಂದು ರಾತ್ರಿಗೆ ಐದು ತಂತಿಯ ಬೇಸ್ ಎರವಲು ತನ್ನಿ. ನಿಜವಾಗಿ ಆ ತಂತಿ ಬೇಕಾದ ಹಾಡುಗಳಿಗೆ ಪಟ್ಟಿಯಲ್ಲಿ ಗುರುತು ಹಾಕಿ. ಕಾರ್ಯಕ್ರಮದ ಕಾಲುಭಾಗಕ್ಕಾದರೂ ಅದು ಬೇಕಾಯಿತು ಅಂದರೆ ಮುಂದಿನ ವರ್ಷ ಕೊಳ್ಳುವ ಯೋಚನೆ ಮಾಡಿ.

ನಾಲ್ಕು ತಂತಿಯಿಂದ ಆಗಿರುವುದನ್ನೂ ನೆನೆಯಬೇಕು. ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೊದಲ್ಲಿ ಜೇಮ್ಸ್ ಜೇಮರ್ಸನ್ ನುಡಿಸುತ್ತಿದ್ದದ್ದು 1962ರ ಫೆಂಡರ್ ಪ್ರಿಸಿಷನ್. ಒಂದೇ ಪಿ ಪಿಕಪ್, ನುಣುಪು ಸುತ್ತಿನ ಫ್ಲಾಟ್‌ವೌಂಡ್ ತಂತಿ, ಬ್ರಿಜ್ಜಿನ ಮುಚ್ಚಳದಡಿ ಒಂದು ತುಂಡು ಸ್ಪಂಜು, ಬಲಗೈಯ ತೋರುಬೆರಳು ಒಂದೇ. ಜಗತ್ತಿನ ಬೇಸ್ ವಾದಕರು ಇಂದಿಗೂ ಆ ಹಾಡುಗಳನ್ನು ಕೂತು ಕಲಿಯುತ್ತಾರೆ. ನಮ್ಮಲ್ಲಿ 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜಾ ಕೊಟ್ಟ ಹಾಡುಗಳನ್ನು ಬೇಸಿಗಾಗಿಯೇ ಮತ್ತೊಮ್ಮೆ ಕೇಳಿ. ಗಾಯಕರ ಜೊತೆಗೆ ಬೇಸ್ ಕೂಡ ಹಾಡುತ್ತಿರುತ್ತದೆ. ಬ್ರಿಜ್ಜಿನ ಬಳಿ ತಂತಿಯಡಿ ಸ್ಪಂಜು ಇಟ್ಟು ಆ ಹಾಡುಗಳನ್ನು ನುಡಿಸಿ ನೋಡಿ. ಇದಕ್ಕಿಂತ ಅಗ್ಗದ ಮಾರ್ಪಾಡು ಇಲ್ಲ.

ಫ್ರೆಟ್ ಕೀಳುವ ಮಾತಿಗೆ ನನ್ನ ಉತ್ತರ: ಬೇಡ. ಜಾಕೊ ಪಾಸ್ಟೋರಿಯಸ್ ಅವರ ಫ್ರೆಟ್‌ಲೆಸ್ ನಾದ ನಿಮ್ಮ ಗೆಳೆಯನಿಗೆ ಎಷ್ಟು ಇಷ್ಟವೋ ನನಗೂ ಅಷ್ಟೇ ಇಷ್ಟ. ಆದರೆ ಇರುವ ಒಂದೇ ಬೇಸ್ ಅನ್ನ ಕೊಡುತ್ತಿರುವಾಗ ಅದರ ಮೇಲೆ ಈ ಪ್ರಯೋಗ ಸಲ್ಲದು.

ಹಣದ ವಿಷಯ ಹೀಗೆ ಮಾಡಿ. ಉಳಿತಾಯ ಹೆರಿಗೆಗೆ, ಬಾಣಂತನಕ್ಕೆ. ಬೇಸಿನ ಖರ್ಚೆಲ್ಲ ಬರುವ ಕಾರ್ಯಕ್ರಮಗಳ ಸಂಭಾವನೆಯಿಂದ ಬರಲಿ: ಮೊದಲು ಜಾಕು ಮತ್ತು ಎರಡು ಒಳ್ಳೆಯ ಕೇಬಲ್, ಆಮೇಲೆ ತಂತಿ ಮತ್ತು ಸೆಟಪ್, ಕೊನೆಗೆ ಡಿಐ. ಎಲ್ಲ ಸೇರಿ 10,000 ದಾಟದಂತೆ ನೋಡಿಕೊಳ್ಳಿ. ಕಂತಿನಲ್ಲಿ ಬೇಸ್ ಕೊಳ್ಳಬೇಡಿ, ಆಷಾಢದಲ್ಲಿ ಕಾರ್ಯಕ್ರಮ ಇರುವುದಿಲ್ಲ, ಕಂತು ಇರುತ್ತದೆ. ಈ ಲೆಕ್ಕವನ್ನು ಮನೆಯವರ ಮುಂದೆ ಇಟ್ಟು ಮಾತಾಡಿ. ನೀವು ಒಬ್ಬರೇ ಹೊತ್ತುಕೊಂಡು ತಿರುಗುತ್ತಿದ್ದೀರಿ ಅಂತ ಪತ್ರ ಓದಿದಾಗ ಅನ್ನಿಸಿತು.

ಮುಖ್ಯಸ್ಥರಿಗೆ ಈಗಲೇ ವಾದದಿಂದ ಉತ್ತರ ಕೊಡಬೇಡಿ. ಇಷ್ಟೆಲ್ಲ ಸರಿಪಡಿಸಿದ ಮೇಲೆ ಸೌಂಡ್ ಚೆಕ್ ಹೊತ್ತಿನಲ್ಲಿ ಪೆಂಡಾಲಿನ ಹಿಂಭಾಗದಲ್ಲಿ ಗೆಳೆಯನನ್ನು ನಿಲ್ಲಿಸಿ, ಒಂದೇ ಹಾಡನ್ನು ಎರಡು ಸಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸಿ: ಒಮ್ಮೆ ಕೀಬೋರ್ಡ್ ಬೇಸಿನಲ್ಲಿ, ಒಮ್ಮೆ ನಿಮ್ಮ ಬೇಸಿನಲ್ಲಿ. ಎರಡನ್ನೂ ಅವರಿಗೆ ಕೇಳಿಸಿ, ಏನೂ ಹೇಳದೆ. ಅದೇ ಹೊತ್ತಿಗೆ ಹೆರಿಗೆಯ ಆಸುಪಾಸಿನ ಯಾವ ದಿನಗಳಲ್ಲಿ ನೀವು ಬರುವುದಿಲ್ಲ, ಆಗ ನಿಮ್ಮ ಬದಲಿಗೆ ಯಾರು ನುಡಿಸುತ್ತಾರೆ ಅನ್ನುವುದನ್ನೂ ಖಚಿತವಾಗಿ ತಿಳಿಸಿ. ನಾಲ್ಕು ತಂತಿಯವರೇ ಆಗಲಿ ಐದು ತಂತಿಯವರೇ ಆಗಲಿ, ಹೇಳದೆ ಕೇಳದೆ ಕೈಕೊಡುವ ವಾದಕರಿಂದ ನೊಂದಿರುವ ಮುಖ್ಯಸ್ಥರಿಗೆ ಅಂಥ ಮಾತಿನ ಬೆಲೆ ಚೆನ್ನಾಗಿ ಗೊತ್ತಿರುತ್ತದೆ.