ಹಾಲುಣಿಸುವ ತಾಯಿ ಮತ್ತೆ ಗರ್ಭಿಣಿಯಾದಾಗ

ಮಗು ಇನ್ನೂ ಎದೆಹಾಲು ಕುಡಿಯುತ್ತಿರುವಾಗಲೇ ತಾಯಿ ಮತ್ತೆ ಗರ್ಭ ಧರಿಸುವುದು ಅಪರೂಪದ ಸಂಗತಿಯೇನಲ್ಲ. ಹಾಲು ಕಡಿಮೆಯಾಗುತ್ತಿದೆಯೆಂಬ ಆತಂಕ ಒಂದೆಡೆ, ಗರ್ಭ ನಿಂತಿದೆಯೋ ಇಲ್ಲವೋ ಎಂಬ ಸಂದೇಹ ಇನ್ನೊಂದೆಡೆ. ಇಂತಹ ಸಮಯದಲ್ಲಿ 'ಬಸುರಿಯ ಹಾಲು ಮಗುವಿಗೆ ಒಗ್ಗದು, ಕೂಡಲೇ ಬಿಡಿಸಬೇಕು' ಎಂದು ಮನೆಯ ಹಿರಿಯರು ಹೇಳುವುದುಂಟು. ಆ ಮಾತಿನಂತೆ ದಿಢೀರನೆ ಹಾಲು ಬಿಡಿಸಿದ ಮಗು ಸೊರಗಿದರೆ ದೋಷವನ್ನು ಹಾಲಿನ ಮೇಲೆ ಹೊರಿಸಲಾಗುತ್ತದೆ. ವಾಸ್ತವವಾಗಿ ಮಗುವನ್ನು ಸೊರಗಿಸುವುದು ತಾಯಿಯ ಹಾಲಲ್ಲ. ಹಾಲಿನ ಸ್ಥಾನವನ್ನು ತುಂಬಬಲ್ಲ ಆಹಾರ ದೊರೆಯದಿರುವುದು.

ಆಫ್ರಿಕದ ಗೋಲ್ಡ್ ಕೋಸ್ಟ್‌ನಲ್ಲಿ, ಅಂದರೆ ಇಂದಿನ ಘಾನಾ ದೇಶದಲ್ಲಿ, ಸೇವೆಯಲ್ಲಿದ್ದ ವೈದ್ಯೆ ಸಿಸಿಲಿ ವಿಲಿಯಮ್ಸ್ ಅವರು ಮೈ ಬಾತುಕೊಂಡು, ಚರ್ಮ ಸುಲಿದು, ಕೂದಲು ಬಣ್ಣಗೆಟ್ಟ ಮಕ್ಕಳನ್ನು ಕಂಡರು. 1935ರಲ್ಲಿ ಅವರು ಈ ರೋಗವನ್ನು ಅಲ್ಲಿನ ಗಾ ಭಾಷೆಯ 'ಕ್ವಾಶಿಯೋರ್ಕರ್' ಎಂಬ ಹೆಸರಿನಿಂದಲೇ ಕರೆದರು. ಮುಂದಿನ ಮಗು ಬಂದಾಗ ತಾಯಿಯ ಎದೆಯಿಂದ ದೂರವಾದ ಮಗುವಿಗೆ ಬರುವ ಬೇನೆ ಎಂಬುದು ಆ ಪದದ ಭಾವ. ಆ ಮಕ್ಕಳ ಆಹಾರ ಮುಖ್ಯವಾಗಿ ಮುಸುಕಿನ ಜೋಳದ ಗಂಜಿಯಾಗಿತ್ತು. ಹಾಲುಣಿಸುವ ತಾಯಿ ಮತ್ತೆ ಗರ್ಭಿಣಿಯಾದಾಗ ನೆನಪಿಡಬೇಕಾದ ಪಾಠವಿದು.

ಸಂದೇಹ ಬಂದಾಗ

ಹಾಲು ಕಡಿಮೆಯಾದ ಮಾತ್ರಕ್ಕೆ ಗರ್ಭ ನಿಂತಿದೆಯೆಂದು ತೀರ್ಮಾನಿಸಲಾಗದು. ಮಗುವಿಗೆ ಹಾಲುಣಿಸುವ ಸಲ ಕಡಿಮೆಯಾಗುವುದು, ಬಾಟಲಿ ಹಾಲನ್ನು ಆರಂಭಿಸುವುದು, ತಾಯಿ ಕೆಲಸಕ್ಕೆ ಮರಳುವುದು, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಿಗೆ ಸೇವಿಸುವುದು ಇವುಗಳಿಂದಲೂ ಹಾಲು ಇಳಿಯಬಹುದು.

ಹಾಗೆಯೇ, ಮುಟ್ಟು ಬಂದಿಲ್ಲವೆಂದ ಮಾತ್ರಕ್ಕೆ ಗರ್ಭ ನಿಲ್ಲದೆಂದೂ ಭಾವಿಸಬಾರದು. ಮಗುವಿಗೆ 6 ತಿಂಗಳು ತುಂಬಿರಬಾರದು, ಹಗಲಿರುಳೂ ಎದೆಹಾಲನ್ನಲ್ಲದೆ ಬೇರೇನನ್ನೂ ಕೊಡುತ್ತಿರಬಾರದು, ತಾಯಿಗೆ ಮುಟ್ಟು ಆರಂಭವಾಗಿರಬಾರದು. ಈ ಮೂರೂ ಕೂಡಿದ್ದಾಗ ಮಾತ್ರ ಹಾಲುಣಿಸುವಿಕೆಯು ಗರ್ಭ ನಿಲ್ಲದಂತೆ ಬಹುಮಟ್ಟಿಗೆ ರಕ್ಷಣೆ ನೀಡುತ್ತದೆ. ಹೆರಿಗೆಯ ನಂತರದ ಮೊದಲ ಮುಟ್ಟಿಗೆ ಮುನ್ನವೇ ಅಂಡ ಬಿಡುಗಡೆಯಾಗಬಹುದಾದ್ದರಿಂದ, ಒಮ್ಮೆಯೂ ಮುಟ್ಟಾಗದೆ ಗರ್ಭ ನಿಲ್ಲುವುದುಂಟು.

ಆದುದರಿಂದ ಮೂತ್ರ ಪರೀಕ್ಷೆ ಮಾಡಿಸುವುದೇ ಸರಿಯಾದ ಮಾರ್ಗ. ಹಾಲುಣಿಸುತ್ತಿರುವುದರಿಂದ ಈ ಪರೀಕ್ಷೆಯ ಫಲಿತಾಂಶ ತಪ್ಪಾಗುವುದಿಲ್ಲ. ಫಲಿತಾಂಶ ತಿಳಿಯುವವರೆಗೆ ಮಗುವಿಗೆ ಎಂದಿನಂತೆ, ಸಾಧ್ಯವಾದರೆ ಇನ್ನೂ ಹೆಚ್ಚು ಸಲ, ಎರಡೂ ಎದೆಗಳಿಂದ ಹಾಲುಣಿಸಬೇಕು. ರಾತ್ರಿಯ ಹಾಲನ್ನು ತಪ್ಪಿಸಬಾರದು. ಗರ್ಭವಿಲ್ಲದಿದ್ದರೆ ಇದರಿಂದಲೇ ಹಾಲು ಮತ್ತೆ ಹೆಚ್ಚುವ ಸಂಭವವುಂಟು. ಹಾಲು ಹೆಚ್ಚಿಸುವ ಗುಳಿಗೆ, ಮೂಲಿಕೆ, ಪುಡಿಗಳನ್ನು ಈ ಅವಧಿಯಲ್ಲಿ ವೈದ್ಯರನ್ನು ಕೇಳದೆ ಸೇವಿಸಕೂಡದು. ಅಡಿಗೆಯಲ್ಲಿ ಬಳಸುವ ಮೆಂತ್ಯ, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪುಗಳಿಗೆ ಅಡ್ಡಿಯಿಲ್ಲ. ಆದರೆ ಔಷಧಿಯ ಪ್ರಮಾಣದಲ್ಲಿ ಮೆಂತ್ಯವನ್ನು ಗರ್ಭಿಣಿಯರು ತೆಗೆದುಕೊಳ್ಳಬಾರದು.

ಹಾಲು ಇಳಿಯುವುದೇಕೆ?

ಮಗು ಚೀಪಿದಷ್ಟೂ ಹಾಲು ಉತ್ಪತ್ತಿಯಾಗುವುದು ಸಾಮಾನ್ಯ ನಿಯಮ. ಗರ್ಭ ನಿಂತ ಮೇಲೆ ಈ ನಿಯಮ ಪೂರ್ಣವಾಗಿ ನಡೆಯುವುದಿಲ್ಲ. ಗರ್ಭವನ್ನು ಕಾಪಾಡುವ ಪ್ರೊಜೆಸ್ಟಿರಾನ್ ಮತ್ತು ಈಸ್ಟ್ರೋಜನ್ ಹಾರ್ಮೋನುಗಳು ಹಾಲಿನ ಉತ್ಪತ್ತಿಯನ್ನು ತಗ್ಗಿಸುತ್ತವೆ. ಅನೇಕ ತಾಯಂದಿರಲ್ಲಿ 4 ಅಥವಾ 5ನೆಯ ತಿಂಗಳ ವೇಳೆಗೆ ಹಾಲು ಗಮನಾರ್ಹವಾಗಿ ಇಳಿಯುತ್ತದೆ. ಕ್ರಮೇಣ ಅದು ಗಿಣ್ಣುಹಾಲಿನ ರೂಪಕ್ಕೆ ತಿರುಗುತ್ತದೆ. ರುಚಿಯಲ್ಲಿ ಸಿಹಿ ಕಡಿಮೆಯಾಗಿ ತುಸು ಉಪ್ಪಾಗುತ್ತದೆ. ಕೆಲವು ಮಕ್ಕಳು ಆಗ ತಾವಾಗಿಯೇ ಹಾಲು ಬಿಡುತ್ತವೆ. ಇದು ತಾಯಿಯ ಲೋಪವಲ್ಲ, ಹಾಲು ಕೆಟ್ಟಿರುವುದರ ಲಕ್ಷಣವೂ ಅಲ್ಲ.

ಹಾಲುಣಿಸುವುದರಿಂದ ಗರ್ಭಕ್ಕೆ ಅಪಾಯವೇ?

ಮಗು ಚೀಪುವಾಗ ಬಿಡುಗಡೆಯಾಗುವ ಆಕ್ಸಿಟೋಸಿನ್ ಗರ್ಭಕೋಶದಲ್ಲಿ ಲಘು ಸಂಕೋಚನವನ್ನುಂಟುಮಾಡಬಹುದು. ಆರೋಗ್ಯಕರ ಗರ್ಭದಲ್ಲಿ ಇದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಹಿಂದೆ ಅವಧಿಗೆ ಮುನ್ನ ಹೆರಿಗೆಯಾಗಿದ್ದವರು, ಪದೇ ಪದೇ ಗರ್ಭಪಾತವಾಗಿದ್ದವರು, ಅವಳಿ ಮಕ್ಕಳನ್ನು ಹೊತ್ತವರು ವೈದ್ಯರ ಸಲಹೆಯಂತೆ ನಡೆಯತಕ್ಕದ್ದು. ರಕ್ತಸ್ರಾವ ಅಥವಾ ಬಿಟ್ಟುಬಿಟ್ಟು ಬರುವ ಹೊಟ್ಟೆನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮಗುವಿನ ವಯಸ್ಸೇ ಮುಖ್ಯ

ಆರು ತಿಂಗಳೊಳಗಿನ ಮಗುವಿಗೆ ಎದೆಹಾಲೇ ಪೂರ್ಣ ಆಹಾರವಾದ್ದರಿಂದ ಹೆಚ್ಚಿನ ಎಚ್ಚರಿಕೆ ಬೇಕು. ಅಂಗನವಾಡಿ ಅಥವಾ ಆರೋಗ್ಯ ಕೇಂದ್ರದಲ್ಲಿ ತೂಕ ಮಾಡಿಸುತ್ತಿರಬೇಕು. ಮಗು 24 ಗಂಟೆಗಳಲ್ಲಿ 6 ಸಲಕ್ಕಿಂತ ಕಡಿಮೆ ಮೂತ್ರ ಮಾಡಿದರೆ ಅಥವಾ ತೂಕ ಏರದಿದ್ದರೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಪೂರಕ ಹಾಲು ಅಗತ್ಯವೆಂದು ವೈದ್ಯರು ಹೇಳಿದಲ್ಲಿ ಅವರು ಸೂಚಿಸಿದುದನ್ನೇ, ಸೂಚಿಸಿದ ಪ್ರಮಾಣದಲ್ಲಿ, ಶುಚಿಯಾದ ಒಳಲೆ ಅಥವಾ ಬಟ್ಟಲಿನಿಂದ ಕುಡಿಸಬೇಕು. ನೀರು ಬೆರೆಸಿದ ಹಸುವಿನ ಹಾಲು ಈ ವಯಸ್ಸಿನ ಮಗುವಿಗೆ ಸಲ್ಲದು.

ಆರು ತಿಂಗಳು ದಾಟಿದ ಮಗುವಿಗೆ ಎದೆಹಾಲಿನೊಡನೆ ಗಟ್ಟಿ ಆಹಾರ ಅವಶ್ಯಕ. 6ರಿಂದ 8 ತಿಂಗಳವರೆಗೆ ದಿನಕ್ಕೆ 2-3 ಸಲ, 9 ತಿಂಗಳ ನಂತರ 3-4 ಸಲ ಉಣಿಸುವುದು ವಾಡಿಕೆ. ಹಾಲು ಕಡಿಮೆಯಾದಂತೆ ಈ ಸಂಖ್ಯೆಯನ್ನು ಹೆಚ್ಚಿಸಬೇಕು. ಬರಿಯ ರಾಗಿ ಸರಿ ಅಥವಾ ಅನ್ನದ ಗಂಜಿ ಸಾಲದು. ಹೆಸರುಬೇಳೆ, ತುಪ್ಪ ಅಥವಾ ಎಣ್ಣೆ, ಮೊಸರು, ಮಸೆದ ತರಕಾರಿ, ಬಾಳೆಹಣ್ಣು, ಒಗ್ಗುವ ಕುಟುಂಬಗಳಲ್ಲಿ ಮೊಟ್ಟೆ ಇವುಗಳನ್ನು ಸೇರಿಸಬೇಕು. ಒಂದು ವರ್ಷ ತುಂಬಿದ ಮಗು ಮನೆಯ ಊಟವನ್ನು ಮೆದುವಾಗಿ ಉಣ್ಣಬಲ್ಲದು. ಹಾಲು ಬಿಡಿಸಲೇಬೇಕಾದರೆ ಕೆಲವು ದಿನಗಳಿಗೊಂದು ಹೊತ್ತಿನಂತೆ ಕ್ರಮವಾಗಿ ಬಿಡಿಸಬೇಕು. ಮೊಲೆತೊಟ್ಟಿಗೆ ಬೇವಿನ ಕಹಿ ಹಚ್ಚಿ ದಿಢೀರನೆ ಬಿಡಿಸುವುದು ಮಗುವಿನ ಮನಸ್ಸಿಗೂ ತಾಯಿಯ ಎದೆಗೂ ನೋವುಂಟುಮಾಡುತ್ತದೆ.

ತಾಯಿಯ ಆಹಾರ ಮತ್ತು ಆರೈಕೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಗರ್ಭಿಣಿಗೆ ದಿನಕ್ಕೆ 350 ಕ್ಯಾಲೊರಿ, ಮೊದಲ ಆರು ತಿಂಗಳು ಹಾಲುಣಿಸುವ ತಾಯಿಗೆ 600 ಕ್ಯಾಲೊರಿ ಹೆಚ್ಚುವರಿಯಾಗಿ ಬೇಕು. ಎರಡೂ ಹೊಣೆಯನ್ನು ಹೊತ್ತವಳ ಅಗತ್ಯ ಇನ್ನೂ ಹೆಚ್ಚಿನದು. ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವ ಪದ್ಧತಿಯನ್ನು ಇಂತಹ ಮನೆಗಳಲ್ಲಿ ಮೊದಲು ಬಿಡಬೇಕು. ಬೇಳೆಕಾಳು, ಸೊಪ್ಪು, ಹಾಲು, ಮೊಟ್ಟೆ, ಮೀನು ತಾಯಿಯ ತಟ್ಟೆಗೆ ಬರಬೇಕು. ಕಬ್ಬಿಣಾಂಶ, ಫೋಲಿಕ್ ಆಮ್ಲ ಮತ್ತು ಸುಣ್ಣಾಂಶದ ಗುಳಿಗೆಗಳನ್ನು ಆರೋಗ್ಯ ಕಾರ್ಯಕರ್ತೆಯ ಸೂಚನೆಯಂತೆ ತಪ್ಪದೆ ಸೇವಿಸಬೇಕು. ಉತ್ತಮ ಆಹಾರವು ತಾಯಿಯ ಶಕ್ತಿಯನ್ನು ಕಾಪಾಡುತ್ತದೆ. ಹಾರ್ಮೋನುಗಳಿಂದ ಇಳಿದ ಹಾಲನ್ನು ಅದು ಪೂರ್ಣವಾಗಿ ಮರಳಿಸಲಾರದೆಂಬುದನ್ನೂ ತಿಳಿದಿರಬೇಕು.

ಮುಂಬಯಿ, ಪುಣೆ, ಹೈದರಾಬಾದುಗಳಂತಹ ನಗರಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಅನೇಕ ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಹೋಗುವುದು ರೂಢಿ. ಅಂತಹವರು ಊರಿಗೆ ಹೋಗುವವರೆಗೆ ಕಾಯದೆ, ಇರುವ ನಗರದಲ್ಲಿಯೇ 12 ವಾರಗಳೊಳಗೆ ಗರ್ಭವನ್ನು ನೋಂದಾಯಿಸಿ ತಾಯಿ-ಮಗು ರಕ್ಷಣಾ ಕಾರ್ಡನ್ನು ಪಡೆಯಬೇಕು. ಪ್ರಯಾಣದಲ್ಲಿ ಈ ಕಾರ್ಡಿನೊಡನೆ ದೊಡ್ಡ ಮಗುವಿನ ಕಾರ್ಡನ್ನೂ ಕೊಂಡೊಯ್ಯಬೇಕು.

ಹೆರಿಗೆಯ ನಂತರ

ಹೆರಿಗೆಯಾದೊಡನೆ ಹಾಲು ಮತ್ತೆ ಹೆಚ್ಚುತ್ತದೆ. ಇಬ್ಬರು ಮಕ್ಕಳೂ ಕುಡಿಯುವುದಾದರೆ ಗಿಣ್ಣುಹಾಲಿನ ಮೊದಲ ಹಕ್ಕು ನವಜಾತ ಶಿಶುವಿನದು. ಅದು ಕುಡಿದ ನಂತರವೇ ಹಿರಿಯ ಮಗುವಿಗೆ. ಒಂದು ಹೆರಿಗೆಯ ಬಳಿಕ ಮುಂದಿನ ಗರ್ಭಕ್ಕೆ ಕನಿಷ್ಠ 24 ತಿಂಗಳ ಅಂತರವಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಾಲಿಗೆ ಬಾಧಕವಾಗದ ಗರ್ಭನಿರೋಧಕ ಕ್ರಮಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಪತಿ ಪತ್ನಿಯರು ಈ ಕುರಿತು ಹೆರಿಗೆಗೆ ಮುನ್ನವೇ ವಿಚಾರಿಸಿಕೊಳ್ಳುವುದು ಒಳಿತು.

ಮಡಿಲಿನ ಮಗು ಮತ್ತು ಗರ್ಭದಲ್ಲಿರುವ ಶಿಶು ಪರಸ್ಪರ ಪ್ರತಿಸ್ಪರ್ಧಿಗಳಲ್ಲ. ತಾಯಿಯ ಊಟ, ಮಗುವಿನ ತೂಕ, ಸಕಾಲದ ತಪಾಸಣೆ ಈ ಮೂರನ್ನು ಮನೆಯವರೆಲ್ಲ ಕೂಡಿ ನೋಡಿಕೊಂಡಲ್ಲಿ ಇಬ್ಬರನ್ನೂ ಕ್ಷೇಮವಾಗಿ ಬೆಳೆಸಬಹುದು.